ಕಾರ್ಲ್ಸ್‌ಬರ್ಗ್ ರಿಡ್ಜ್: ನಡುಪಟ್ಟೆ ನೆಗೆಟಿವ್ ಬರ್ತಿದೆ, ಯಾಕೆ?

ಎಂಎಸ್ಸಿ_ಭೂಗರ್ಭ: ಅರಬ್ಬಿ ಸಮುದ್ರದ ಕಾರ್ಲ್ಸ್‌ಬರ್ಗ್ ರಿಡ್ಜನ್ನು (ಫಲಕಗಳು ದೂರ ಸರಿದು ಹೊಸ ಸಾಗರತಳ ಹುಟ್ಟುವ ಸಾಲು) ಅಡ್ಡ ಹಾಯುವ ಕಾಂತೀಯ ಪ್ರೊಫೈಲ್ (ಹಡಗಿನ ದಾರಿಯುದ್ದ ಅಳೆದ ಕಾಂತಕ್ಷೇತ್ರದ ಗೆರೆ) ಒಂದು ಅಸೈನ್‌ಮೆಂಟ್‌ಗೆ ಸಿಕ್ಕಿದೆ, ಸುಮಾರು 5 ಡಿಗ್ರಿ ಉತ್ತರದ್ದು. ರಿಡ್ಜಿನ ನಡುವೆ ಈಗಿನ ಧ್ರುವತೆಯ, ಅಂದ್ರೆ ಭೂಮಿಯ ಈಗಿನ ಕಾಂತಕ್ಷೇತ್ರದ ದಿಕ್ಕಲ್ಲೇ ಕಾಂತೀಕರಣಗೊಂಡ ಬಸಾಲ್ಟ್ ತಾನೇ ಇರೋದು? ಅನಾಮಲಿ (ಸಾಮಾನ್ಯ ಕ್ಷೇತ್ರಕ್ಕಿಂತ ಓದಿನ ಹೆಚ್ಚುಕಡಿಮೆ) ಪಾಸಿಟಿವ್ ಇರಬೇಕಿತ್ತು. ಆದ್ರೆ ಅಲ್ಲೇ ದೊಡ್ಡ ನೆಗೆಟಿವ್ ಇದೆ. ಹಿಂದೆ ಸ್ವಲ್ಪ ಕಾಲ ಧ್ರುವತೆ ಈಗಿನಂತೆಯೇ ಇದ್ದಾಗ ಹುಟ್ಟಿದ ಜರಾಮಿಲ್ಲೊ ಪಟ್ಟೆ ಕಾಣ್ತಾನೇ ಇಲ್ಲ. ವಿಸ್ತರಣೆಯ ವೇಗವೂ ಪುಸ್ತಕದ ಅರ್ಧದಷ್ಟೇ ಬರ್ತಿದೆ.

ಕಾಂತಸೂಜಿ: ನಿಮ್ಮ ಡೇಟಾ ಸರಿಯಾಗೇ ಇದೆ. 1963ರಲ್ಲಿ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಸಾಗರತಳದ ಕಾಂತೀಯ ಪಟ್ಟೆಗಳಿಗೆ ವಿವರಣೆ (ಭೂಮಿಯ ಧ್ರುವತೆ ಆಗಾಗ ತಿರುಗಿದ್ದನ್ನು ಹೊಸ ಬಸಾಲ್ಟ್ ದಾಖಲಿಸುತ್ತೆ ಅಂತ) ಕೊಟ್ಟಾಗ ಎದುರಿಗಿಟ್ಟುಕೊಂಡದ್ದೂ ಇದೇ ರಿಡ್ಜಿನ ಸರ್ವೆ, ಅದರಲ್ಲೂ ನಡುವೆ ನೆಗೆಟಿವ್ವೇ. ನೀವು ಓದಿದ ಚಿತ್ರ ಐಸ್‌ಲ್ಯಾಂಡ್ ಕಡೆಯ ಹೆಚ್ಚಿನ ಅಕ್ಷಾಂಶದ್ದಿರಬೇಕು. ಅಲ್ಲಿ ಭೂಮಿಯ ಕ್ಷೇತ್ರ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತೆ. ಕಾಂತೀಯ ಸಮಭಾಜಕದ ಹತ್ತಿರ ಅದು ಉತ್ತರಕ್ಕೆ ಮಲಗಿರುತ್ತೆ, ಬಸಾಲ್ಟ್ ಕೂಡ ಹಾಗೇ ಉತ್ತರಮುಖವಾಗಿ ಕಾಂತೀಕರಣಗೊಳ್ಳುತ್ತೆ. ಆ ಬಂಡೆಯ ನೇರ ಮೇಲೆ ಅದರ ಕ್ಷೇತ್ರ ದಕ್ಷಿಣಕ್ಕೆ ಮರಳುವುದರಿಂದ ಒಟ್ಟು ಓದು ಕಡಿಮೆಯಾಗುತ್ತೆ. ರಿಡ್ಜ್ ನೇರ ಉತ್ತರ–ದಕ್ಷಿಣ ಹಾಸಿದ್ದರೆ ಪಟ್ಟೆಗಳೇ ಕಾಣ್ತಿರಲಿಲ್ಲ. ಇದು ವಾಯವ್ಯ–ಆಗ್ನೇಯ, ನಮ್ಮ ಅದೃಷ್ಟ. ಪ್ರೊಫೈಲಿನ ಫೇಸನ್ನು ಸುಮಾರು 180 ಡಿಗ್ರಿ ತಿರುಗಿಸಿ, ಅಂದ್ರೆ ಏರು ಇಳಿವಾಗಿ ಇಳಿವು ಏರಾಗುವಂತೆ ಮಾಡಿ ನೋಡಿ. ಗ್ರಿಡ್ ಮೇಲೆ ಮಾತ್ರ ಧ್ರುವಕ್ಕೆ ಇಳಿಸುವ ಫಿಲ್ಟರ್ (ಧ್ರುವದಲ್ಲಿ ಅಳೆದಿದ್ದರೆ ಹೇಗಿರ್ತಿತ್ತೋ ಹಾಗೆ ಡೇಟಾ ಬದಲಿಸುವ ಲೆಕ್ಕ) ಹಾಕಬೇಡಿ, ಈ ಅಕ್ಷಾಂಶದಲ್ಲಿ ಅದು ಡೇಟಾದ ನಾಯ್ಸನ್ನೇ ಹಿಗ್ಗಿಸಿ ಇಲ್ಲದ ಪಟ್ಟೆ ತೋರಿಸುತ್ತೆ.

ಬಸಾಲ್ಟ್_ಬ್ಯಾಂಡ್: ವೇಗ ಅರ್ಧ ಬರಲು ಕಾರಣ, ನೀವು ಒಂದೇ ಬದಿ ಅಳೆದಿದ್ದೀರಿ. ಬ್ರೂನ್ಸ್–ಮಾಟುಯಾಮಾ ಗಡಿಯ (ಧ್ರುವತೆ ಕೊನೆಯ ಬಾರಿ ತಿರುಗಿದ ಗುರುತು) ವಯಸ್ಸು 0.78 ದಶಲಕ್ಷ ವರ್ಷ. ಅಕ್ಷದಿಂದ ಅದು 9.4 ಕಿಮೀ ದೂರವಿದ್ದರೆ ವರ್ಷಕ್ಕೆ 12 ಮಿಮೀ, ಇದು ಅರ್ಧವೇಗ. ಪುಸ್ತಕದಲ್ಲಿರೋದು ಎರಡೂ ಫಲಕ ಸೇರಿದ 24. ಎರಡು ಬದಿಯ ಗಡಿಗಳ ನಡುವೆಯೇ ಅಳೆದುಬಿಟ್ಟರೆ ಗೊಂದಲವಿಲ್ಲ. ಹಡಗಿನ ದಾರಿ ರಿಡ್ಜಿಗೆ ಲಂಬವಾಗಿಲ್ಲದಿದ್ದರೆ ಕೊಸೈನ್ ಮರೀಬೇಡಿ: 30 ಡಿಗ್ರಿ ಓರೆಗೆ 0.87ರಿಂದ ಗುಣಿಸಿ.

ಜರಾಮಿಲ್ಲೊ ಕಾಲ 1.07ರಿಂದ 0.99 ದಶಲಕ್ಷ ವರ್ಷದ ಹಿಂದಿನದು. ನಿಮ್ಮ ವೇಗಕ್ಕೆ ಅದರ ಪಟ್ಟೆ ಬರೀ 1 ಕಿಮೀ ಅಗಲ. ನೀರೇ ಸುಮಾರು 3 ಕಿಮೀ ಆಳ ಇರುವಾಗ ಮೇಲ್ಮೈಯ ಮ್ಯಾಗ್ನೆಟೋಮೀಟರಿಗೆ ಅದು ಅಕ್ಕಪಕ್ಕದ್ದರಲ್ಲಿ ಕರಗಿಹೋಗುತ್ತೆ. ಪೂರ್ವ ಪೆಸಿಫಿಕ್ ರೈಸ್‌ನಲ್ಲಿ ಅರ್ಧವೇಗ 75 ಮಿಮೀ ಇರುವ ಕಡೆ ಅದೇ ಪಟ್ಟೆ 6 ಕಿಮೀ, ಎದ್ದು ಕಾಣುತ್ತೆ.

ಎಂಎಸ್ಸಿ_ಭೂಗರ್ಭ: ಅರ್ಥವಾಯ್ತು, ಥ್ಯಾಂಕ್ಸ್. ಅಕ್ಷ ಎಲ್ಲಿ ಗುರುತಿಸಲಿ? ನಡುಕಣಿವೆಯ ಅತಿ ಆಳದ ಜಾಗವೇ ಸಾಕಾ?

ಕಾಂತಸೂಜಿ: ಬೇಡ. ನಿಧಾನ ರಿಡ್ಜ್‌ಗಳಲ್ಲಿ ಶಿಲಾಪಾಕದ ಪೂರೈಕೆ ಕಮ್ಮಿ, ತಣ್ಣಗಿನ ತೊಗಟೆ ಬಿರುಕುಬಿಟ್ಟು ಕುಸಿದು ಈ ಕಣಿವೆ ಆಗುತ್ತೆ. ಹೊಸ ಲಾವಾ ಅದರ ಒಂದು ಅಂಚಿಗೆ ಸರಿದಿರಬಹುದು. ಎರಡು ಬ್ರೂನ್ಸ್ ಗಡಿಗಳ ಮಧ್ಯಬಿಂದು ತಗೊಂಡು, ಆಳದ ನಕ್ಷೆ ಜೊತೆ ತಾಳೆ ನೋಡಿ.