ಮನೆಯೊಳಗಿನ ಸಾಮಾನಿಗೆ ಎಷ್ಟು ಮೊತ್ತದ ವಿಮೆ ಬರೆಸಬೇಕು?

ಪ್ರಶ್ನೆ (ಕಾರವಾರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಳಿ ನದಿಯ ದಂಡೆಗೆ ಹತ್ತಿರದಲ್ಲಿದೆ. 2019ರ ಆಗಸ್ಟ್‌ನಲ್ಲಿ ಕದ್ರಾ ಜಲಾಶಯದಿಂದ ನೀರು ಬಿಟ್ಟಾಗ ಅದು ನಮ್ಮ ಅಂಗಳದವರೆಗೂ ಬಂದು ನಿಂತಿತ್ತು. ಅಂದಿನಿಂದ ಮಳೆಗಾಲ ಬಂತೆಂದರೆ ಮನೆಮಂದಿಗೆಲ್ಲ ಕಳವಳ. ಈಗ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಲು ನಿರ್ಧರಿಸಿದ್ದೇನೆ. ಕಟ್ಟಡದ ವಿಮಾ ಮೊತ್ತ 25 ಲಕ್ಷ ರೂಪಾಯಿ ಆಗಿದ್ದು, ಅದರ ಶೇ 20ರಷ್ಟು, ಅಂದರೆ 5 ಲಕ್ಷ, ಸಾಮಾನುಗಳಿಗೆ ತಾನಾಗಿಯೇ ಸೇರುತ್ತದೆ, ಅಷ್ಟೇ ಸಾಕು ಎಂದು ಏಜೆಂಟರು ಹೇಳುತ್ತಾರೆ. ಆದರೆ ಮೊತ್ತ ಕಡಿಮೆ ಬರೆಸಿದ್ದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆಂದು ಸ್ನೇಹಿತರೊಬ್ಬರು ಎಚ್ಚರಿಸಿದ್ದಾರೆ. ಅಜ್ಜನ ಕಾಲದ ಬೀಟೆ ಮಂಚ ಮತ್ತು ಹೆಂಡತಿಯ ಬಂಗಾರಕ್ಕೆ ಯಾವ ಬೆಲೆ ಕಟ್ಟಬೇಕೆಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಕುಮಟಾದಿಂದ)

ನಮಸ್ಕಾರ. ಆ ಶೇ 20 ನಿಮ್ಮ ಕಟ್ಟಡದ ಲೆಕ್ಕದಿಂದ ಬಂದದ್ದೇ ಹೊರತು ನಿಮ್ಮ ಮನೆಯ ಸಾಮಾನನ್ನು ಯಾರೂ ಎಣಿಸಿ ಹೇಳಿದ್ದಲ್ಲ. ಒಂದು ಭಾನುವಾರ ಕಾಗದ ಹಿಡಿದು ಒಂದೊಂದೇ ಕೋಣೆಗೆ ಹೋಗಿ, ಕಪಾಟುಗಳನ್ನು ತೆರೆದು, ಪ್ರತಿ ವಸ್ತುವನ್ನೂ ಇವತ್ತು ಅಂಗಡಿಯಿಂದ ಹೊಸದಾಗಿ ತರಬೇಕಾದರೆ ಎಷ್ಟಾಗುತ್ತದೆಂದು ಬರೆಯಿರಿ. ಕೊಂಡಾಗಿನ ಬೆಲೆಯನ್ನಾಗಲಿ ಗುಜರಿಯವನು ಕೊಡುವ ಬೆಲೆಯನ್ನಾಗಲಿ ಹಿಡಿಯಬೇಡಿ. ನಾನು ಎಣಿಸುವ ಮೊದಲು ಮೂರು ಲಕ್ಷ ಎಂದುಕೊಂಡಿದ್ದೆ, ಎಣಿಸಿದ ಮೇಲೆ ಆರು ಲಕ್ಷ ದಾಟಿತು. ಫ್ರಿಜ್, ಟಿವಿ ಎಲ್ಲರ ನೆನಪಿಗೂ ಬರುತ್ತವೆ. ಮರೆತುಹೋಗುವುದು ತಾಮ್ರದ ಹಂಡೆ, ಗ್ರೈಂಡರ್, ಇನ್ವರ್ಟರ್ ಬ್ಯಾಟರಿ, ಹಾಸಿಗೆಗಳು ಮತ್ತು ಕಪಾಟು ತುಂಬಿರುವ ರೇಷ್ಮೆ ಸೀರೆಗಳು. ಬೀಟೆ ಮಂಚಕ್ಕೆ ಅದೇ ಅಳತೆಯದನ್ನು ಇಂದು ಬಡಗಿಯಿಂದ ಮಾಡಿಸಲು ತಗಲುವ ವೆಚ್ಚವನ್ನು ಬರೆಯಿರಿ. ಅಜ್ಜನ ನೆನಪಿಗೆ ಯಾವ ಪಾಲಿಸಿಯೂ ಬೆಲೆ ಕಟ್ಟಲಾರದು. ಎಣಿಸುವಾಗಲೇ ಫೋಟೊ ತೆಗೆದು, ಬಿಲ್ಲುಗಳ ಪ್ರತಿಯೊಂದಿಗೆ ಊರ ಹೊರಗಿರುವ ಸಂಬಂಧಿಕರಿಗೆ ಕಳುಹಿಸಿಡಿ, ಏಕೆಂದರೆ ನೀರು ನುಗ್ಗಿದರೆ ಬಿಲ್ಲುಗಳೂ ಅದರೊಂದಿಗೇ ಹೋಗುತ್ತವೆ.

ಉತ್ತರ 2 (ಶಿರಸಿಯಿಂದ)

ನಿಮ್ಮ ಸ್ನೇಹಿತರು ಹೇಳಿದ ಕಡಿತದ ನಿಯಮ ಈ ಪಾಲಿಸಿಗೆ ಅನ್ವಯಿಸುವುದಿಲ್ಲ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಜಾರಿಗೆ ತಂದ ಈ ಮಾದರಿ ಪಾಲಿಸಿಯಲ್ಲಿ, ಮೊತ್ತ ಕಡಿಮೆ ಬರೆಸಿದ್ದರೂ ಆ ಮೊತ್ತದ ಮಿತಿಯೊಳಗೆ ಆದ ನಷ್ಟವನ್ನು ಪೂರ್ತಿ ಕೊಡಬೇಕು. ಆದರೆ ಏಳು ಲಕ್ಷದ ಸಾಮಾನೆಲ್ಲ ಹಾಳಾದಾಗ ಐದೇ ಲಕ್ಷ ಸಿಗುವುದರಿಂದ, ಮಿಕ್ಕ ಎರಡು ಲಕ್ಷದ ಹೊರೆ ನಿಮ್ಮದೇ. ತಾನಾಗಿ ಸಿಗುವ ರಕ್ಷಣೆಗೆ 10 ಲಕ್ಷದ ಮಿತಿಯಿದೆ. ಅದಕ್ಕಿಂತ ಅಥವಾ ಶೇ 20ಕ್ಕಿಂತ ಹೆಚ್ಚು ಬೇಕಾದರೆ ಪ್ರಸ್ತಾವನೆಯಲ್ಲಿ ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು.

ಬಂಗಾರ ಆ ಐದು ಲಕ್ಷದೊಳಗೆ ಬರುವುದಿಲ್ಲ. ಬೆಲೆಬಾಳುವ ವಸ್ತುಗಳಿಗೆ ಪ್ರತ್ಯೇಕ ಐಚ್ಛಿಕ ರಕ್ಷಣೆಯಿದ್ದು, ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನದ ಪ್ರಮಾಣಪತ್ರ ಬೇಕಿಲ್ಲ. ಇಂದಿನ ದರದಲ್ಲಿ ಒಂದು ಸರವೇ ಆ ಮಿತಿ ದಾಟುವುದರಿಂದ ಪ್ರಮಾಣಪತ್ರ ಮಾಡಿಸಿಡುವುದೇ ಲೇಸು. ಪ್ರವಾಹ, ಚಂಡಮಾರುತ, ಸಿಡಿಲು, ಭೂಕುಸಿತ, ಬೆಂಕಿ ಇವೆಲ್ಲ ಮೂಲ ಪಾಲಿಸಿಯಲ್ಲಿವೆ. ಕಳ್ಳತನ ಮಾತ್ರ ಇಂತಹ ಅವಘಡ ನಡೆದ 7 ದಿನಗಳೊಳಗೆ ಆಗಿದ್ದರಷ್ಟೇ ಸೇರುತ್ತದೆ. ಬರಿಯ ಕನ್ನಗಳವಿಗೆ ಬೇರೆ ರಕ್ಷಣೆ ಕೇಳಿ ಪಡೆಯಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಹೆಂಡತಿಯೊಂದಿಗೆ ಕುಳಿತು ಎಣಿಸಿದಾಗ ಬಂಗಾರವನ್ನು ಬಿಟ್ಟು 7 ಲಕ್ಷ 40 ಸಾವಿರವಾಯಿತು. ಅದನ್ನು 8 ಲಕ್ಷವೆಂದು ಬರೆಸುತ್ತೇನೆ. ಅಟ್ಟದ ಮೇಲೆ ಮಾರಲು ಇಟ್ಟಿರುವ ಮಾವನವರ ಅಡಿಕೆ ಚೀಲಗಳೂ ಇದರಲ್ಲಿ ಸೇರುತ್ತವೆಯೇ?

ಉತ್ತರ 2 (ಶಿರಸಿಯಿಂದ)

ಸೇರುವುದಿಲ್ಲ. ಮಾರಾಟಕ್ಕೆಂದು ಇಟ್ಟ ಅಡಿಕೆ ಮನೆಬಳಕೆಯ ವಸ್ತುವಲ್ಲ, ಅದು ದಾಸ್ತಾನು; ಅದಕ್ಕೆ ಬೇರೆಯೇ ಪಾಲಿಸಿ ಬೇಕು. ನಗದು ಹಣ, ವಾಹನ ಮತ್ತು ಕಾಗದಪತ್ರಗಳನ್ನೂ ಪಟ್ಟಿಯಿಂದ ತೆಗೆದಿಡಿ.