ದುಡ್ಡಿರುವವರೊಬ್ಬರು ನಮ್ಮ ಫುಟ್‌ಬಾಲ್ ಕ್ಲಬ್ ಕೇಳುತ್ತಿದ್ದಾರೆ, ಕೊಡಬಹುದಾ?

ಹಲಸೂರು_ಲೆಫ್ಟ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಜಿಲ್ಲಾ ಲೀಗ್‌ನ ಬಿ ಡಿವಿಷನ್‌ನಲ್ಲಿ ಆಡುವ ಒಂದು ಸಣ್ಣ ಕ್ಲಬ್‌ಗೆ ನಾನು ಖಜಾಂಚಿ. ಕ್ಲಬ್ ಹೆಸರು ಬೇಡ, ಇಲ್ಲಿ ಗುರುತಿನವರು ಜಾಸ್ತಿ ಇದ್ದೀರಿ. ನಮ್ಮ ಬೀದಿಯ ಹಿರಿಯರು ಸೊಸೈಟಿ ಅಂತ ನೋಂದಣಿ ಮಾಡಿಸಿ ಕಟ್ಟಿದ ಕ್ಲಬ್ ಇದು.

ನಮಗೆ ಸ್ವಂತ ಮೈದಾನ ಇಲ್ಲ. ಟರ್ಫ್ ಬಾಡಿಗೆ ಗಂಟೆಗೆ ಸಾವಿರ ದಾಟಿದೆ, ಸಂಜೆಯಾದರೆ ಇನ್ನೂ ಜಾಸ್ತಿ. ಅದಕ್ಕೇ ಬೆಳಿಗ್ಗೆ ಐದೂವರೆಗೆ ಪ್ರಾಕ್ಟೀಸ್ ಇಟ್ಟಿದ್ದೇವೆ. ಹುಡುಗರಲ್ಲಿ ಅರ್ಧ ಜನ ಡೆಲಿವರಿ ಕೆಲಸದವರು. ಲೀಗ್ ಪಂದ್ಯ ವಾರದ ನಡುವೆ ಮಧ್ಯಾಹ್ನ ಬಿದ್ದರೆ ಅವರ ಆ ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ. ಓಡಾಟದ ಖರ್ಚು, ಪಂದ್ಯ ಮುಗಿದ ಮೇಲೆ ಒಂದು ಊಟ, ಅಷ್ಟೇ ನಾವು ಕೊಡೋದು. ಹೋದ ಸೀಸನ್ ನಮ್ಮ ಸ್ಟಾಪರ್‌ಗೆ, ಅಂದರೆ ಡಿಫೆನ್ಸ್‌ನ ನಡುವೆ ಆಡುವ ಹುಡುಗನಿಗೆ, ಮೊಣಕಾಲಿನ ಲಿಗಮೆಂಟ್ ಹರಿಯಿತು. ಸ್ಕ್ಯಾನಿಂಗ್‌ಗೆ, ಆಪರೇಷನ್‌ಗೆ ವಾಟ್ಸಾಪ್‌ನಲ್ಲಿ ಎಲ್ಲರ ಹತ್ತಿರ ಕೇಳಿ ಹೊಂದಿಸಿದೆವು. ಆದಾಯ ಅಂದರೆ ಶನಿವಾರ, ಭಾನುವಾರ ಮಕ್ಕಳ ಕೋಚಿಂಗ್ ಫೀಸು, ಹಳೆ ಆಟಗಾರರ ಚಂದಾ, ರಾಜ್ಯೋತ್ಸವಕ್ಕೆ ನಡೆಸುವ ಫೈವ್-ಎ-ಸೈಡ್ ಟೂರ್ನಿಯ ಎಂಟ್ರಿ ಫೀಸು.

ಈಗ ಲೇಔಟ್ ಮಾಡುವ ಉದ್ಯಮಿಯೊಬ್ಬರು ಬಂದಿದ್ದಾರೆ. ಮೂರು ವರ್ಷ ದುಡ್ಡು ಹಾಕುತ್ತಾರಂತೆ. ಕೇರಳ, ಮಣಿಪುರದಿಂದ ಸಂಬಳದ ಮೇಲೆ ಆಟಗಾರರನ್ನು ತಂದು ಎ ಡಿವಿಷನ್, ಆಮೇಲೆ ಸೂಪರ್ ಡಿವಿಷನ್‌ಗೆ ಏರಿಸುತ್ತಾರಂತೆ. ಪ್ರತಿಯಾಗಿ ಲೀಗ್‌ನಲ್ಲಿರುವ ನಮ್ಮ ನೋಂದಣಿ ಅವರ ಕಂಪನಿಗೆ ಹೋಗಬೇಕು. ಕ್ಲಬ್ ಹೆಸರಲ್ಲಿ ಅವರ ಬ್ರ್ಯಾಂಡ್ ಇರಬೇಕು. ಮಕ್ಕಳ ಕೋಚಿಂಗ್ ಕೂಡ ಅವರಿಗೇ.

ಕಮಿಟಿಯಲ್ಲಿ ಅರ್ಧ ಜನ ಈಗಲೇ ಸಹಿ ಹಾಕೋಣ ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ಇಂಗ್ಲೆಂಡಿನ ಕೆಳಗಿನ ಲೀಗ್‌ಗಳನ್ನು ಹತ್ತಿರದಿಂದ ನೋಡುವವರು ಇಲ್ಲಿ ಇದ್ದೀರಿ. ಮೂರು ನಾಲ್ಕು ಸಾವಿರ ಜನ ಬರುವ ಆ ಕ್ಲಬ್‌ಗಳು ಹೇಗೆ ಬದುಕುತ್ತವೆ? ಒಬ್ಬರ ದುಡ್ಡನ್ನು ನಂಬಿ ಹೋಗಬಹುದಾ?

ಗಿಗ್‌ಲೇನ್_ಕನ್ನಡಿಗ

ನಾನಿರುವುದು ಮ್ಯಾಂಚೆಸ್ಟರ್ ಉತ್ತರಕ್ಕೆ, ಬೆರಿ ಊರಲ್ಲಿ. ಟ್ರಾಮ್ ಹತ್ತಿದರೆ ಸ್ವಲ್ಪ ಹೊತ್ತಿಗೆ ಯುನೈಟೆಡ್, ಸಿಟಿ ಎರಡರ ಮೈದಾನಕ್ಕೂ ಹೋಗಬಹುದು. ಆದರೂ ಈ ಊರಿನವರ ತಂಡ ಬೆರಿ ಎಫ್‌ಸಿ. 1885ರಲ್ಲಿ ಹುಟ್ಟಿದ ಕ್ಲಬ್. 1900 ಮತ್ತು 1903ರಲ್ಲಿ ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತ್ತು. 1903ರ ಫೈನಲ್‌ನಲ್ಲಿ ಡರ್ಬಿ ಕೌಂಟಿಗೆ 6-0. ಅಂಥ ಕ್ಲಬ್ಬನ್ನು 2019ರ ಆಗಸ್ಟ್ 27ರಂದು ಲೀಗ್‌ನಿಂದಲೇ ಹೊರಗೆ ಹಾಕಿದರು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅಲ್ಲಿಂದಲೇ ಬರೋದು.

ಅಚ್ಚರಿ ಏನು ಗೊತ್ತಾ? ಆ ವರ್ಷವೇ ಬೆರಿ ನಾಲ್ಕನೇ ಹಂತದ ಲೀಗ್ ಟೂನಿಂದ ಮೂರನೇ ಹಂತದ ಲೀಗ್ ಒನ್‌ಗೆ ಏರಿತ್ತು. ಮೈದಾನದಲ್ಲಿ ಒಳ್ಳೆಯ ಫುಟ್‌ಬಾಲ್, ಆಫೀಸಲ್ಲಿ ಸಂಬಳಕ್ಕೆ ದುಡ್ಡಿಲ್ಲ. ಸಂಬಳ ಬಾಕಿ ಇಟ್ಟುಕೊಂಡೇ ಹುಡುಗರು ಬಡ್ತಿ ಗೆದ್ದುಕೊಟ್ಟರು. ಸ್ಟುವರ್ಟ್ ಡೇ ಅನ್ನುವ ಪ್ರಾಪರ್ಟಿ ಉದ್ಯಮಿ 2013ರಿಂದ ಮಾಲೀಕರಾಗಿದ್ದರು. ಟಿಕೆಟ್ ಮಾರಾಟದಿಂದ ಎಂದೂ ಹುಟ್ಟದಷ್ಟು ದೊಡ್ಡ ಸಂಬಳಗಳು ಅವರ ಕಾಲದಲ್ಲಿ ಶುರುವಾದವು. ಗಿಗ್ ಲೇನ್ ಮೈದಾನ ಅಡ ಬಿತ್ತು, ದುಬಾರಿ ಬಡ್ಡಿಗೆ ಸಾಲ ಬಂತು. ಕಾರ್ ಪಾರ್ಕಿಂಗ್ ಜಾಗಗಳನ್ನೂ ಒಂದೊಂದಾಗಿ ಹೂಡಿಕೆದಾರರಿಗೆ ಮಾರಿದರು. ಅವರ ಸ್ವಂತ ವ್ಯಾಪಾರ ಕುಸಿದಾಗ ಕ್ಲಬ್ಬಿಗೆ ಬರುತ್ತಿದ್ದ ದುಡ್ಡೂ ನಿಂತಿತು. 2018ರ ಡಿಸೆಂಬರ್‌ನಲ್ಲಿ ಸ್ಟೀವ್ ಡೇಲ್ ಅನ್ನುವವರು ಕ್ಲಬ್ಬನ್ನು ಒಂದು ಪೌಂಡ್‌ಗೆ ಕೊಂಡರು. ಹೌದು, ಒಂದೇ ಒಂದು ಪೌಂಡ್.

ಕೊನೆಯ ದಿನ ಬರೆಯೋಕೆ ಇವತ್ತಿಗೂ ಸಂಕಟ ಆಗುತ್ತೆ. ಹೊಸ ಕೊಳ್ಳುವವರು ಬಂದಿದ್ದಾರೆ, ಸಂಜೆ ಐದರೊಳಗೆ ಒಪ್ಪಂದ ಆಗುತ್ತೆ ಅನ್ನುವ ನಂಬಿಕೆ ಊರಲ್ಲಿತ್ತು. ಮುಂದಿನ ಪಂದ್ಯಕ್ಕೆ ಸ್ಟೇಡಿಯಂ ಸಿದ್ಧ ಮಾಡಬೇಕು, ಬನ್ನಿ ಅಂತ ಕರೆ ಬಂತು. ಜನ ಮನೆಯಿಂದ ಬಕೆಟ್, ಪೊರಕೆ, ಬಟ್ಟೆ ಹಿಡಿದುಕೊಂಡು ಹೋದರು. ಸೀಟು ಒರೆಸಿದರು, ಶೌಚಾಲಯ ತೊಳೆದರು. ಅವರು ಇನ್ನೂ ಒಳಗಿರುವಾಗಲೇ ಕೊಳ್ಳುವವರು ಕೈ ಎತ್ತಿದ ಸುದ್ದಿ ಬಂತು. ಅದಕ್ಕೂ ಮುಂಚೆ ಜಾಯ್ ಹಾರ್ಟ್ ಅನ್ನುವ ಮಾಜಿ ನಿರ್ದೇಶಕಿ ಪ್ರತಿಭಟನೆಗೆ ಸ್ಟೇಡಿಯಂನ ಮಳೆನೀರಿನ ಪೈಪಿಗೆ ತಮ್ಮನ್ನು ತಾವೇ ಬಿಗಿದುಕೊಂಡಿದ್ದರು. ರಾತ್ರಿ ಹೊತ್ತಿಗೆ ಗೇಟಿನ ತುಂಬ ಸ್ಕಾರ್ಫ್‌ಗಳು. ಪಕ್ಕದ ಬೋಲ್ಟನ್ ಕ್ಲಬ್‌ಗೂ ಅದೇ ಹೊತ್ತಿನಲ್ಲಿ ಅದೇ ಗತಿ ಬರುವುದಿತ್ತು. ಮಾರನೇ ದಿನ ಅವರಿಗೆ ಮಾಲೀಕರು ಸಿಕ್ಕರು, ಬೆರಿಗೆ ಸಿಗಲಿಲ್ಲ.

ನಿಯಮ ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಲೀಗ್ ಒನ್‌ನಲ್ಲಿ ಆದಾಯದ 60%ಗಿಂತ ಜಾಸ್ತಿ ಆಟಗಾರರ ಸಂಬಳಕ್ಕೆ ಹೋಗಬಾರದು ಅಂತ. ಆದರೆ ಮಾಲೀಕರು ಷೇರಾಗಿ, ದಾನವಾಗಿ ಹಾಕಿದ ದುಡ್ಡೂ ಆ ಆದಾಯದ ಲೆಕ್ಕಕ್ಕೆ ಸೇರುತ್ತಿತ್ತು. ಅಂದರೆ ಶ್ರೀಮಂತರ ಚೆಕ್ ಬರುವವರೆಗೂ ಎಷ್ಟು ಸಂಬಳ ಕೊಟ್ಟರೂ ಕಾಗದದ ಮೇಲೆ ಸರಿಯೇ. ಚೆಕ್ ನಿಂತ ತಿಂಗಳೂ ಆಟಗಾರರ ಕಾಂಟ್ರ್ಯಾಕ್ಟ್ ಹಾಗೇ ಇರುತ್ತೆ, ಅಲ್ವಾ? ಕ್ಲಬ್‌ಗಳನ್ನು ಮುಳುಗಿಸೋದು ಈ ಅಂತರವೇ.

ಇಷ್ಟಾದ ಮೇಲೆ 2025ರಲ್ಲಿ ಇಲ್ಲಿನ ಸಂಸತ್ತು ಫುಟ್‌ಬಾಲ್ ಆಡಳಿತಕ್ಕೆ ಕಾಯ್ದೆ ತಂದಿದೆ. ಸ್ವತಂತ್ರ ನಿಯಂತ್ರಕರು ಬಂದಿದ್ದಾರೆ. ಮೇಲಿನ ಐದು ಹಂತದ 116 ಕ್ಲಬ್‌ಗಳಿಗೆ ಲೈಸೆನ್ಸ್ ಬೇಕಾಗುತ್ತದೆ. ಅವರ ಒಪ್ಪಿಗೆ ಇಲ್ಲದೆ ಮೈದಾನ ಮಾರುವಂತಿಲ್ಲ. ಬೆರಿ ವಿಷಯದಲ್ಲಿ ತಡವಾಯಿತು, ಆದರೂ ಒಳ್ಳೆಯದು.

ನಿಮ್ಮ ವಿಷಯಕ್ಕೆ ಬರೋಣ. ಆ ಉದ್ಯಮಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ಎಷ್ಟೇ ಒಳ್ಳೆಯವರಾದರೂ ಅವರ ಲೇಔಟ್ ವ್ಯಾಪಾರ ಬಿದ್ದ ದಿನ ನಿಮ್ಮ ಕ್ಲಬ್ಬೂ ಬೀಳುತ್ತದೆ. ನಿಮಗೆ ಮೈದಾನ ಇಲ್ಲ. ನಿಮ್ಮ ಹತ್ತಿರ ಇರುವ ಆಸ್ತಿ ಎರಡೇ: ಲೀಗ್‌ನಲ್ಲಿನ ನೋಂದಣಿ, ಮಕ್ಕಳ ಕೋಚಿಂಗ್. ಅವರು ಕೇಳುತ್ತಿರುವುದೂ ಸರಿಯಾಗಿ ಆ ಎರಡನ್ನೇ. ಅವು ಹೋದರೆ ಜುಟ್ಟು ಅವರ ಕೈಗೆ ಕೊಟ್ಟಂತೆ. ಜರ್ಸಿ ಕೊಡಿ, ಬ್ಯಾನರ್ ಕೊಡಿ, ಟೂರ್ನಿಗೆ ಅವರ ಹೆಸರಿಡಿ. ನೋಂದಣಿ ಮಾತ್ರ ಕೊಡಬೇಡಿ.

ದೂರವಾಣಿನಗರ_ಹಳಬ

ಇಂಗ್ಲೆಂಡ್ ಕಥೆ ಓದಿ ಮನಸ್ಸು ಭಾರವಾಯಿತು. ನಮ್ಮೂರಲ್ಲೇ ಒಂದು ಕಾಲಕ್ಕೆ ಬೇರೆ ದಾರಿ ಇತ್ತು, ಅದನ್ನೂ ಹೇಳಬೇಕು.

ನಮ್ಮ ತಂದೆ ಟೆಲಿಫೋನ್ ಮಾಡುತ್ತಿದ್ದ ಸರ್ಕಾರಿ ಐಟಿಐ ಕಾರ್ಖಾನೆಯಲ್ಲಿದ್ದರು. ಐಟಿಐ, ಎಚ್‌ಎಎಲ್, ಬಿಇಎಂಎಲ್ ಇವೆಲ್ಲ ಫುಟ್‌ಬಾಲ್ ತಂಡ ಇಟ್ಟುಕೊಂಡಿದ್ದವು. ಆಟಗಾರರಿಗೆ ಸಿಗುತ್ತಿದ್ದದ್ದು ಕಾಂಟ್ರ್ಯಾಕ್ಟ್ ಅಲ್ಲ, ಕೆಲಸ. ಬೆಳಿಗ್ಗೆ ಡ್ಯೂಟಿ, ಆಮೇಲೆ ಪ್ರಾಕ್ಟೀಸ್. ಮೂವತ್ತಕ್ಕೆ ಮೊಣಕಾಲು ಹೋದರೂ ಮಷಿನ್ ಮುಂದೆ ಅವರ ಜಾಗ ಇರುತ್ತಿತ್ತು. ಕ್ವಾರ್ಟರ್ಸ್, ಆಸ್ಪತ್ರೆ, ಪಿಎಫ್ ಎಲ್ಲ ಸಿಗುತ್ತಿತ್ತು. 1967-68 ಮತ್ತು 1968-69ರಲ್ಲಿ ಮೈಸೂರು ರಾಜ್ಯ ಸತತ ಎರಡು ಸಲ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದದ್ದು ಈ ಕಾಲದಲ್ಲೇ. ಎಚ್‌ಎಎಲ್ ಅಂತೂ 2010ರಲ್ಲಿ ಆಗ ದೇಶದ ಮೊದಲ ದರ್ಜೆ ಲೀಗ್ ಆಗಿದ್ದ ಐ-ಲೀಗ್‌ಗೇ ಏರಿ ಎರಡು ಸೀಸನ್ ಆಡಿತು. ಆಮೇಲೆ ಕಾರ್ಖಾನೆಗಳಲ್ಲಿ ಕ್ರೀಡಾ ನೇಮಕಾತಿ ಕಡಿಮೆಯಾಗುತ್ತಾ ಬಂತು, ತಂಡಗಳೂ ಸೊರಗಿದವು.

2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಆ ಟ್ರೋಫಿ ಮತ್ತೆ ಬಂತಲ್ಲ, ಆ ರಾತ್ರಿ ನಾನು ಅತ್ತೇಬಿಟ್ಟೆ. ಅಂಥ ಹುಡುಗರು ಬರೋದು ಐಎಸ್‌ಎಲ್ ಅನ್ನುವ ದೊಡ್ಡ ಲೀಗ್‌ನ ಮಿಂಚಿನಿಂದ ಅಲ್ಲ, ಇದೇ ಜಿಲ್ಲಾ ಲೀಗ್‌ಗಳಿಂದ.

ಅದಕ್ಕೇ ಒಂದು ಮಾತು. ಆ ಉದ್ಯಮಿಯ ಹತ್ತಿರ ಆಟಗಾರರಿಗೆ ಸಂಬಳ ಕೇಳಬೇಡಿ, ಕೆಲಸ ಕೇಳಿ. ನಿಮ್ಮ ಏಳೆಂಟು ಹುಡುಗರಿಗೆ ಅವರ ಆಫೀಸಲ್ಲಿ, ಸೈಟಿನಲ್ಲಿ ಪಿಎಫ್, ಇಎಸ್‌ಐ ಇರುವ ಕೆಲಸ ಕೊಟ್ಟು ಪಂದ್ಯದ ದಿನ ರಜೆ ಕೊಡಲಿ. ಕ್ಲಬ್ ಮೇಲೆ ಒಂದು ರೂಪಾಯಿ ಹೊರೆ ಬೀಳಲ್ಲ. ಅವರು ಮೂರು ವರ್ಷಕ್ಕೆ ಬೇಸತ್ತು ಹೋದರೂ ಹುಡುಗರ ಕೈಯಲ್ಲಿ ಅನುಭವ ಇರುತ್ತೆ. ನಿಮ್ಮ ಸ್ಟಾಪರ್ ಹುಡುಗನ ಆಪರೇಷನ್‌ಗೆ ಇಎಸ್‌ಐ ಇದ್ದಿದ್ದರೆ ವಾಟ್ಸಾಪ್‌ನಲ್ಲಿ ಕೈ ಒಡ್ಡಬೇಕಿರಲಿಲ್ಲ.

ಖಾತೆ_ಕಿರ್ದಿ

ನಾನು ಸಿಎ, ಶಿವಮೊಗ್ಗದಲ್ಲಿ ಪ್ರಾಕ್ಟೀಸ್. ಫುಟ್‌ಬಾಲ್ ಅಷ್ಟಕ್ಕಷ್ಟೆ, ಸೊಸೈಟಿ ಲೆಕ್ಕ ಮಾತ್ರ ದಿನಾ ನೋಡುತ್ತೇನೆ.

ಕರ್ನಾಟಕ ಸೊಸೈಟಿ ನೋಂದಣಿ ಕಾಯ್ದೆ 1960ರ ಕೆಳಗಿರುವ ಸಂಘದ ಆಸ್ತಿ ಯಾವ ಸದಸ್ಯರದ್ದೂ ಅಲ್ಲ. ಕಮಿಟಿಯ ಅರ್ಧ ಜನ ಸೇರಿ ಸಹಿ ಹಾಕಿ ಒಂದು ಕಂಪನಿಗೆ ಬರೆದುಕೊಡುವ ವಿಷಯ ಅಲ್ಲ ಇದು. ಮೊದಲು ನಿಮ್ಮ ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ಓದಿ, ಸರ್ವ ಸದಸ್ಯರ ಸಭೆ ಕರೆಯಿರಿ.

ದಾನಕ್ಕೆ ಇನ್ನೊಂದು ಬಾಗಿಲಿದೆ. ಕಂಪನಿ ಕಾಯ್ದೆ 2013ರ ಏಳನೇ ಷೆಡ್ಯೂಲ್ ಪ್ರಕಾರ ಕ್ರೀಡಾ ತರಬೇತಿಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡುವ ಹಣ, ಕೊಡಬಹುದು. ಫುಟ್‌ಬಾಲ್ ಒಲಿಂಪಿಕ್ ಕ್ರೀಡೆ, ಹಾಗಾಗಿ ತೊಂದರೆ ಇಲ್ಲ. ಅದಕ್ಕೆ ನಿಮ್ಮ ಸೊಸೈಟಿಗೆ 12ಎ, 80ಜಿ ಅನ್ನುವ ಆದಾಯ ತೆರಿಗೆ ನೋಂದಣಿಗಳು ಇರಬೇಕು, ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ಪಡೆದಿರಬೇಕು. ಇದು ಮಕ್ಕಳ ತರಬೇತಿಗೆ ಬರುವ ಹಣ. ಹಿರಿಯರ ತಂಡಕ್ಕೆ ಸ್ಟ್ರೈಕರ್ ತರೋಕೆ ಖರ್ಚು ಮಾಡಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ಎರಡಕ್ಕೂ ಬೇರೆ ಬ್ಯಾಂಕ್ ಖಾತೆ ಇಡಿ.

ಪ್ರಾಯೋಜಕತ್ವ ಬೇಕೇ ಬೇಕು ಅಂದರೆ ಒಂದೊಂದು ಸೀಸನ್‌ಗೆ ಮಾತ್ರ ಒಪ್ಪಂದ ಮಾಡಿ. ಇಡೀ ಸೀಸನ್ನಿನ ಹಣ ಮುಂಗಡ ಖಾತೆಗೆ ಬರಲಿ. ಬಂದ ಮೇಲೆ ಮಾತ್ರ ಆಟಗಾರರಿಗೆ ಮಾತು ಕೊಡಿ. ಅದಕ್ಕಿಂತ ಮುಂಚೆ ಬಾಯಿಮಾತಿನ ಸಂಬಳವೂ ಬೇಡ.

ಹಲಸೂರು_ಲೆಫ್ಟ್‌ಬ್ಯಾಕ್

ಮೂವರಿಗೂ ಧನ್ಯವಾದ. ಕೆಲಸ ಕೇಳುವ ಯೋಚನೆ ನಮ್ಮ ಯಾರಿಗೂ ಹೊಳೆದಿರಲಿಲ್ಲ. ಗಿಗ್‌ಲೇನ್ ಅವರೇ, ಇನ್ನೊಂದು ಪ್ರಶ್ನೆ. ಬೆರಿ ಈಗ ಏನಾಗಿದೆ? ದೊಡ್ಡ ಮಾಲೀಕರಿಲ್ಲದೆ ಸದಸ್ಯರೇ ನಡೆಸಿ ಉಳಿದ ಕ್ಲಬ್‌ಗಳು ಇವೆಯಾ? ಕಮಿಟಿಯಲ್ಲಿ ಎಲ್ಲರೂ ಇದನ್ನೇ ಕೇಳುತ್ತಾರೆ.

ಗಿಗ್‌ಲೇನ್_ಕನ್ನಡಿಗ

ಇವೆ. ಬೆರಿ ಅಭಿಮಾನಿಗಳೇ ಬೆರಿ ಎಎಫ್‌ಸಿ ಅಂತ ಹೊಸ ಕ್ಲಬ್ ಕಟ್ಟಿ 2020ರಲ್ಲಿ 10ನೇ ಹಂತದಿಂದ ಶುರು ಮಾಡಿದರು. ಪಕ್ಕದ ರ‍್ಯಾಡ್‌ಕ್ಲಿಫ್ ಕ್ಲಬ್‌ನ ಮೈದಾನ ಹಂಚಿಕೊಂಡು ಆಡಿದರು. ಅಷ್ಟು ಹೊತ್ತಿಗೆ ಗಿಗ್ ಲೇನ್‌ನಲ್ಲಿ ಕಳೆ ಬೆಳೆದಿತ್ತು. 2022ರಲ್ಲಿ ಅಭಿಮಾನಿಗಳ ಇನ್ನೊಂದು ಗುಂಪು ಸರ್ಕಾರದ ಸಮುದಾಯ ನಿಧಿ, ದಾನ ಎಲ್ಲ ಸೇರಿಸಿ ಮೈದಾನವನ್ನು ಕೊಂಡಿತು. ಎರಡು ಗುಂಪು ಒಂದಾಗೋದು ಸುಲಭ ಇರಲಿಲ್ಲ. ಮೊದಲ ಮತದಾನದಲ್ಲಿ ಬೇಕಾದಷ್ಟು ಮತ ಬೀಳಲಿಲ್ಲ, ಮನಸ್ತಾಪ ಆಯಿತು. 2023ರಲ್ಲಿ ಒಂದಾದರು. ಬೆರಿ ಎಫ್‌ಸಿ ಅದೇ ಹೆಸರಲ್ಲಿ ಅದೇ ಮೈದಾನಕ್ಕೆ ವಾಪಸ್ ಬಂತು. 9ನೇ ಹಂತದ ಪಂದ್ಯಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಜನ ಬರುತ್ತಿದ್ದರು. ಗೇಟಲ್ಲಿ ಟಿಕೆಟ್ ಹರಿಯುವವರು, ಲಾಟರಿ ಚೀಟಿ ಮಾರುವವರು ಹೆಚ್ಚಿನವರು ಸಂಬಳ ಇಲ್ಲದೆ ಬರುವವರೇ.

ಕಮಿಟಿಗೆ ತೋರಿಸೋಕೆ ಎಕ್ಸಿಟರ್ ಸಿಟಿ ಇನ್ನೂ ಒಳ್ಳೆಯ ಉದಾಹರಣೆ. 2003ರಲ್ಲಿ ಮುಳುಗುತ್ತಿದ್ದ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟ್ ಕೈಗೆ ತೆಗೆದುಕೊಂಡಿತು. 2005ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಯುನೈಟೆಡ್ ಜೊತೆ 0-0 ಡ್ರಾ ಮಾಡಿಕೊಂಡರು. ಆ ಪಂದ್ಯ, ಮರುಪಂದ್ಯ ಎರಡರ ದುಡ್ಡು ಹಳೆ ಸಾಲ ತೀರಿಸೋಕೆ ಹೋಯಿತು. ಹೊಸ ಸ್ಟಾರ್ ತರಲಿಲ್ಲ. ಆಮೇಲೆ ಅಕಾಡೆಮಿ ಮೇಲೆ ಗಮನ ಇಟ್ಟರು. 2024ರ ಯೂರೋ ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಕೊನೆ ನಿಮಿಷದಲ್ಲಿ ಗೋಲು ಹೊಡೆದ ಓಲಿ ವಾಟ್ಕಿನ್ಸ್ ಆ ಅಕಾಡೆಮಿ ಹುಡುಗ. 2017ರಲ್ಲಿ ಬ್ರೆಂಟ್‌ಫರ್ಡ್‌ಗೆ ಮಾರುವಾಗ ಮುಂದಿನ ಮಾರಾಟದಲ್ಲೂ ತಮಗೆ ಪಾಲು ಬೇಕು ಅಂತ ಬರೆಸಿಕೊಂಡಿದ್ದರು. 2020ರಲ್ಲಿ ಅವನು ಆಸ್ಟನ್ ವಿಲ್ಲಾಗೆ ಹೋದಾಗ ಎಕ್ಸಿಟರ್‌ಗೆ ಮತ್ತೆ ಲಕ್ಷಗಟ್ಟಲೆ ಪೌಂಡ್ ಬಂತು. ಹಾಗಂತ ಆರಾಮಾಗಿದ್ದಾರೆ ಅಂತ ಅಲ್ಲ. ಒಳ್ಳೆಯ ಹುಡುಗರು ಮಾರಾಟವಾಗದ ವರ್ಷ ಅಲ್ಲೂ ಕೈ ಬಿಗಿ ಹಿಡಿಯಲೇಬೇಕು.

ನಿಮ್ಮ ಮಕ್ಕಳ ಕೋಚಿಂಗ್ ಕೊಡಬೇಡಿ ಅಂದದ್ದು ಇದಕ್ಕೇ. ಫೀಫಾ ನಿಯಮದಲ್ಲಿ ಅಂತರರಾಷ್ಟ್ರೀಯ ವರ್ಗಾವಣೆ ಹಣದ 5% ಆಟಗಾರರನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. ನಮ್ಮ ದೇಶದಲ್ಲಿ ವರ್ಗಾವಣೆಗೆ ದುಡ್ಡು ಕೈ ಬದಲಾಗೋದೇ ಕಡಿಮೆ, ಅದನ್ನು ನಂಬಿ ಬಜೆಟ್ ಮಾಡಬೇಡಿ. ಆದರೆ ಹುಡುಗರು ಮೊದಲ ಸಲ ಪ್ರೊಫೆಷನಲ್ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವಾಗ ಬೆಳೆಸಿದ ಕ್ಲಬ್‌ಗೆ ತರಬೇತಿ ಪರಿಹಾರ ಕೇಳುವ ಹಕ್ಕು ನಮ್ಮ ದೇಶದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ನಿಯಮದಲ್ಲೂ ಇದೆ. ಕೇಳಬೇಕು ಅಂದರೆ ಹುಡುಗ ನಿಮ್ಮಲ್ಲಿ ಇದ್ದ ಅಂತ ದಾಖಲೆ ಬೇಕು. ಎಷ್ಟು ಜನ ಮಕ್ಕಳನ್ನು ಎಐಎಫ್‌ಎಫ್‌ನ ಆಟಗಾರರ ನೋಂದಣಿ ವ್ಯವಸ್ಥೆ ಸಿಆರ್‌ಎಸ್‌ನಲ್ಲಿ ನಿಮ್ಮ ಕ್ಲಬ್ ಹೆಸರಲ್ಲಿ ನೋಂದಾಯಿಸಿದ್ದೀರಿ?

ಹಲಸೂರು_ಲೆಫ್ಟ್‌ಬ್ಯಾಕ್

ಲೀಗ್ ಆಡುವ ಹಿರಿಯರು ಮಾತ್ರ ಇದ್ದಾರೆ, ಮಕ್ಕಳು ಇಲ್ಲ. ಈ ವಾರಾಂತ್ಯ ಕೋಚಿಂಗ್‌ಗೆ ಬರುವವರ ಜನನ ಪ್ರಮಾಣಪತ್ರ, ಫೋಟೋ ತರಿಸುತ್ತೇನೆ. ಬೈಲಾ ಹಳೆ ಅಧ್ಯಕ್ಷರ ಮನೆಯಲ್ಲಿದೆ, ಇವತ್ತೇ ಹೋಗಿ ತರುತ್ತೇನೆ. ಉದ್ಯಮಿಯ ಜೊತೆ ಭಾನುವಾರ ಮಾತುಕತೆ ಇದೆ. ಒಂದು ಸೀಸನ್ ಜರ್ಸಿ, ಎಂಟು ಹುಡುಗರಿಗೆ ಕೆಲಸ, ನೋಂದಣಿ ಸೊಸೈಟಿ ಹತ್ತಿರವೇ ಅಂತ ಬರೆದುಕೊಂಡು ಹೋಗುತ್ತೇನೆ. ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.