ತಿಂಗಳಿಗೆ 6–7 ಟಿಬಿ ವಿಡಿಯೊ ಕಳಿಸಲು ಅಗ್ಗದ ಹೋಸ್ಟಿಂಗ್ ಯಾವುದು?

ಚೌಕಿಮನೆ:
ಯಕ್ಷಗಾನ ರೆಕಾರ್ಡಿಂಗ್‌ಗಳ ಚಂದಾ ತಾಣ. 300 ಗಂಟೆ ವಿಡಿಯೊ, ಎಲ್ಲವೂ ದೊಡ್ಡ ಎಂಪಿ4 ಫೈಲು. ತಿಂಗಳಿಗೆ ಸುಮಾರು 12,000 ಗಂಟೆ ವೀಕ್ಷಣೆ, ಶನಿವಾರ ರಾತ್ರಿ ಒಟ್ಟಿಗೆ 400 ಜನ. ನೋಡುವವರು ಕರಾವಳಿ, ಬೆಂಗಳೂರು, ಒಂದಿಷ್ಟು ಕೊಲ್ಲಿ ದೇಶಗಳವರು. ಬಜೆಟ್ ತಿಂಗಳಿಗೆ 5,000 ರೂ. ಒಂದೇ ಸರ್ವರ್ ಹಲವರು ಹಂಚಿಕೊಳ್ಳುವ 'ಅನ್‌ಲಿಮಿಟೆಡ್' ಶೇರ್ಡ್ ಹೋಸ್ಟಿಂಗ್ ಸಾಕಾ, ನಮಗೇ ಮೀಸಲಾದ ಜರ್ಮನಿಯ ಡೆಡಿಕೇಟೆಡ್ ಸರ್ವರ್ ಬೇಕಾ?

ಬಿಟ್‌ಲೆಕ್ಕ:
ಶೇರ್ಡ್ ಹೋಸ್ಟಿಂಗ್ ಬಿಟ್ಟುಬಿಡಿ. ಅಲ್ಲಿ 'ಅನ್‌ಲಿಮಿಟೆಡ್' ಅಂದರೂ ಒಳಗೆ ಸಿಪಿಯು, ಏಕಕಾಲದ ಸಂಪರ್ಕ ಎರಡಕ್ಕೂ ಮಿತಿ ಇರುತ್ತದೆ. ವಿಡಿಯೊ ಸಂಗ್ರಹವನ್ನೇ ನಿಷೇಧಿಸುವ ಷರತ್ತೂ ಸಾಮಾನ್ಯ.

ಮೊದಲು ಫೈಲು ಸರಿಮಾಡಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಮೂರು ದರ್ಜೆಯ ಎಚ್‌ಎಲ್‌ಎಸ್ (ವಿಡಿಯೊವನ್ನು ಸಣ್ಣ ತುಣುಕುಗಳಾಗಿ ಕಳಿಸುವ ವಿಧಾನ) ಮಾಡಿ: 720ಪಿಗೆ 1.8 ಎಂಬಿಪಿಎಸ್, 480ಪಿಗೆ 0.9, 360ಪಿಗೆ 0.5. ತುಣುಕು 6 ಸೆಕೆಂಡಿನದು. ಸೆಕೆಂಡಿಗೆ 25 ಫ್ರೇಮ್ ವಿಡಿಯೊ ಆದರೆ ಕೀಫ್ರೇಮ್ (ತುಣುಕು ಶುರುವಾಗಬಲ್ಲ ಪೂರ್ಣ ಚಿತ್ರ) ಅಂತರ 150 ಫ್ರೇಮ್, ದೃಶ್ಯ ಬದಲಾದಾಗ ತಾನೇ ಕೀಫ್ರೇಮ್ ಹಾಕುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಮೂರು ದರ್ಜೆಯ ತುಣುಕುಗಳು ಒಂದೇ ಜಾಗದಲ್ಲಿ ಕತ್ತರಿಸುವುದಿಲ್ಲ, ಕ್ವಾಲಿಟಿ ಬದಲಾಗುವಾಗ ವಿಡಿಯೊ ಜಿಗಿಯುತ್ತದೆ. ಎನ್‌ಕೋಡಿಂಗನ್ನು ಮನೆಯ ಪಿಸಿಯಲ್ಲೇ ರಾತ್ರಿ ಓಡಲು ಬಿಡಿ, ಕ್ಲೌಡ್‌ನಲ್ಲಿ ದುಡ್ಡು ದಂಡ.

ಮೂರೂ ಸೇರಿ 3.2 ಎಂಬಿಪಿಎಸ್, ಗಂಟೆಗೆ 1.44 ಜಿಬಿ, ಒಟ್ಟು ಸಂಗ್ರಹ ಸುಮಾರು 430 ಜಿಬಿ. ಮೊಬೈಲ್ ವೀಕ್ಷಕರೇ ಹೆಚ್ಚಿದ್ದರೆ ಸರಾಸರಿ 1.2 ಎಂಬಿಪಿಎಸ್ ಹಿಡಿಯಿರಿ. ತಿಂಗಳಿಗೆ 6.5 ಟಿಬಿ ಹೊರಹೋಗುತ್ತದೆ. ಸಿಡಿಎನ್‌ಗಳಲ್ಲಿ (ವೀಕ್ಷಕರಿಗೆ ಹತ್ತಿರದ ಸರ್ವರ್‌ನಿಂದ ಫೈಲು ಕೊಡುವ ಜಾಲ) ಅಮೆಜಾನ್‌ನ ಕ್ಲೌಡ್‌ಫ್ರಂಟ್‌ನ ಭಾರತದ ದರ ಜಿಬಿಗೆ 0.109 ಡಾಲರ್, ಮೊದಲ 1 ಟಿಬಿ ಉಚಿತ ಕಳೆದರೂ ಸುಮಾರು 600 ಡಾಲರ್. 'ಬನ್ನಿ' ಎಂಬ ಇನ್ನೊಂದು ಸಿಡಿಎನ್‌ನ ಏಷ್ಯಾ ದರ 0.03, ಅಂದರೆ 195 ಡಾಲರ್.

ಪೋರ್ಟ್443:
ಲೆಕ್ಕ ಸರಿ ಇದೆ, ಆದರೆ ಆ ಹಾದಿಯೇ ಬೇಡ. ಕ್ಲೌಡ್‌ಫ್ಲೇರ್ ಕಂಪನಿಯ ಫೈಲು ಸಂಗ್ರಹ ಸೇವೆ ಆರ್2ಗೆ ಹಾಕಿ: ಸಂಗ್ರಹ ಜಿಬಿಗೆ 0.015 ಡಾಲರ್, ಹೊರಹೋಗುವ ಡೇಟಾಗೆ ಶುಲ್ಕವೇ ಇಲ್ಲ. 430 ಜಿಬಿಗೆ ಆರೂವರೆ ಡಾಲರ್ ಆಸುಪಾಸು. ಓದುವ ವಿನಂತಿ ತಿಂಗಳಿಗೆ 1 ಕೋಟಿವರೆಗೆ ಉಚಿತ. ನಿಮ್ಮದು ಗಂಟೆಗೆ 600 ತುಣುಕಿನಂತೆ 72 ಲಕ್ಷ. ಆಡಿಯೊ ಬೇರೆ ಟ್ರ್ಯಾಕ್ ಮಾಡಿದರೆ ಇದು ದುಪ್ಪಟ್ಟಾಗುತ್ತದೆ, ವಿಡಿಯೊದೊಳಗೇ ಸೇರಿಸಿ.

ಎಡವುವುದು ಎಲ್ಲಿ ಅಂದರೆ: ಆರ್2 ಕೊಡುವ ಪರೀಕ್ಷಾ ವಿಳಾಸಕ್ಕೆ ವೇಗಮಿತಿ ಇದೆ, ಸ್ವಂತ ಡೊಮೇನ್ ಜೋಡಿಸಿ. ಟಿಎಸ್ (ತುಣುಕು), ಎಂ3ಯು8 (ತುಣುಕುಗಳ ಪಟ್ಟಿ) ಫೈಲುಗಳು ತಾನಾಗಿ ಕ್ಯಾಶ್ ಆಗುವ (ಹತ್ತಿರದ ಸರ್ವರ್‌ನಲ್ಲಿ ನಕಲು ಉಳಿಯುವ) ಪಟ್ಟಿಯಲ್ಲಿಲ್ಲ, ಕ್ಯಾಶ್ ರೂಲ್ ಬರೆಯಬೇಕು. ಬೇರೆ ಸರ್ವರ್‌ನಲ್ಲಿ ವಿಡಿಯೊ ಇಟ್ಟು ಮುಂದೆ ಅವರ ಉಚಿತ ಸಿಡಿಎನ್ ನಿಲ್ಲಿಸುವುದು ಅವರ ನಿಯಮಕ್ಕೆ ವಿರುದ್ಧ, ಆರ್2ನಿಂದ ಕೊಟ್ಟರೆ ತಕರಾರಿಲ್ಲ. ಕೆಲವು ಐಎಸ್‌ಪಿಗಳಲ್ಲಿ ಉಚಿತ ಪ್ಲಾನ್ ಟ್ರಾಫಿಕ್ ಹೊರದೇಶ ಸುತ್ತಿ ಬರಬಹುದು. ಸರ್ವರ್ ಕಳಿಸುವ ಉತ್ತರದಲ್ಲಿನ ಸಿಎಫ್-ರೇ ಹೆಡರ್ ಕೊನೆಯಲ್ಲಿ ಬಿಎಲ್‌ಆರ್ (ಬೆಂಗಳೂರು), ಬಿಒಎಂ (ಮುಂಬೈ), ಎಂಎಎ (ಚೆನ್ನೈ) ಇವುಗಳಲ್ಲಿ ಒಂದು ಇದೆಯಾ ಅಂತ ಎರಡು ಮೂರು ನೆಟ್‌ವರ್ಕ್‌ನಲ್ಲಿ ನೋಡಿಕೊಳ್ಳಿ.

ರ‍್ಯಾಕ್‌ಯೂನಿಟ್:
ಜರ್ಮನಿಯ ಪ್ರಶ್ನೆಗೆ: ಅಲ್ಲಿನ ಹೆಟ್ಜ್ನರ್ ಕಂಪನಿಯ ಡೆಡಿಕೇಟೆಡ್ ಸರ್ವರ್‌ನ 1 ಜಿಬಿಪಿಎಸ್ ಪೋರ್ಟ್‌ಗೆ ಟ್ರಾಫಿಕ್ ಮಿತಿ ಇಲ್ಲ. 400 ಜನರೂ 720ಪಿ ಆರಿಸಿದರೆ ಆಡಿಯೊ ಸೇರಿ 760 ಎಂಬಿಪಿಎಸ್, ಪೋರ್ಟ್ ತಡೆದುಕೊಳ್ಳುತ್ತದೆ. ದೂರವೇ ತೊಡಕು. ಬೆಂಗಳೂರಿನಿಂದ ಹೋಗಿಬರಲು 150 ಮಿಲಿಸೆಕೆಂಡ್ ಆಸುಪಾಸು, ಪ್ಯಾಕೆಟ್ ಕಳೆದರೆ ವೇಗ ಕುಸಿಯುತ್ತದೆ. ಲಿನಕ್ಸ್‌ನಲ್ಲಿ ಬಿಬಿಆರ್ (ಡೇಟಾ ಕಳಿಸುವ ವೇಗ ನಿಯಂತ್ರಿಸುವ ವಿಧಾನ) ಹಾಕಿದರೆ ಬಹಳಷ್ಟು ಸುಧಾರಿಸುತ್ತದೆ. ಅದೇ ಕಂಪನಿಯ ಸಿಂಗಪುರ ಕ್ಲೌಡ್‌ಗೆ ಹಾರಬೇಡಿ, ಅಲ್ಲಿ ಪ್ಲಾನ್ ಜತೆ ಬರುವ ಟ್ರಾಫಿಕ್ ತೀರಾ ಕಡಿಮೆ.

ಚೌಕಿಮನೆ:
ಆರ್2 ನೋಡುತ್ತೇನೆ. ಚಂದಾ ಕೊಡದವರು ಲಿಂಕ್ ಹಂಚಿಕೊಂಡು ನೋಡದಂತೆ ಟೋಕನ್ (ವೀಕ್ಷಕರ ಗುರುತಿನ ಸಂಕೇತ) ಹಾಕಬೇಕಲ್ಲ?

ಪೋರ್ಟ್443:
ಪ್ರತಿ ತುಣುಕಿನ ವಿಳಾಸಕ್ಕೂ ವೀಕ್ಷಕರ ಟೋಕನ್ ಅಂಟಿಸಿದರೆ ಕ್ಯಾಶ್‌ಗೆ ಪ್ರತಿಯೊಂದೂ ಹೊಸ ಫೈಲು, ಕ್ಯಾಶ್ ಇದ್ದೂ ಇಲ್ಲದಂತೆ. ವರ್ಕರ್‌ನಲ್ಲಿ (ಕ್ಲೌಡ್‌ಫ್ಲೇರ್ ಸರ್ವರ್‌ನಲ್ಲೇ ಓಡುವ ಸಣ್ಣ ಪ್ರೋಗ್ರಾಂ) ಎಲ್ಲಾ ತುಣುಕು ತಪಾಸಣೆ ಮಾಡಿದರೆ ದಿನಕ್ಕೆ 2.4 ಲಕ್ಷ ವಿನಂತಿ, ಉಚಿತ ಮಿತಿ 1 ಲಕ್ಷ, 5 ಡಾಲರ್ ಪ್ಲಾನ್ ಬೇಕು. ಅದಕ್ಕಿಂತ ತುಣುಕುಗಳನ್ನು ಎಇಎಸ್-128ರಲ್ಲಿ ಗೂಢಲಿಪಿ ಮಾಡಿ ಬಹಿರಂಗವಾಗಿಯೇ ಇಡಿ, ಕೀ ಮಾತ್ರ ಲಾಗಿನ್ ಆದವರಿಗೆ ನಿಮ್ಮ ಸಣ್ಣ ವಿಪಿಎಸ್‌ನಿಂದ (ಬಾಡಿಗೆ ವರ್ಚುವಲ್ ಸರ್ವರ್) ಕೊಡಿ. ಕೀ ವಿಳಾಸ ಮುಖ್ಯ ಡೊಮೇನಿನಡಿಯಲ್ಲೇ ಇರಲಿ, ಬೇರೆ ಡೊಮೇನಾದರೆ ಐಫೋನ್ ಸಫಾರಿ ಕುಕಿ ಕಳಿಸದೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.